ರಾಯಚೂರಿನ ಮಳೆ, ವಗ್ಗರಣಿ ಮಿರ್ಚಿ ಮತ್ತು ಒಂದು ನೀಲಿ ಬಕೆಟ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಿರ್ಚಿ ಮೇಲೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ಒಂದು ನೀಲಿ ಬಕೆಟ್ ಮೇಲೆ, ಅದನ್ನು ಕಂಡೂ ತಿಂದ ನನ್ನ ಮೇಲೆ.

ಹೋದ ಸೆಪ್ಟೆಂಬರಿನಲ್ಲಿ ತಮ್ಮನ ಜೊತೆ ರಾಯಚೂರಿಗೆ ಹೋಗಿದ್ದೆ. ಬಿಸಿಲಿಗೆ ಹೆಸರಾದ ಊರು, ನಮ್ಮ ಅದೃಷ್ಟಕ್ಕೆ ಎರಡೂ ದಿನ ಜಿಟಿಜಿಟಿ ಮಳೆ. ಕೋಟೆ ಬಸ್ ಸ್ಟ್ಯಾಂಡಿನ ಹತ್ತಿರವೇ ಇದೆ. ನನಗೆ ನೋಡಬೇಕಿದ್ದದ್ದು ಅಲ್ಲಿನ ಗೋಡೆಯ ಉದ್ದನೆಯ ಕಲ್ಲು. 40 ಅಡಿಗೂ ಜಾಸ್ತಿ ಉದ್ದ, ಮೇಲೆ ಕಾಕತೀಯರ ಕಾಲದ 1294ರ ಶಾಸನ. ಅಂಥ ಕಲ್ಲನ್ನು ಗಾಡಿಗೆ ಹೇರಿ ಸಾಲು ಕೋಣಗಳ ಕೈಲಿ ಎಳೆಸಿ ತಂದದ್ದನ್ನೂ ಪಕ್ಕದಲ್ಲಿ ಕೆತ್ತಿದ್ದಾರೆ. ನೆನೆಯುತ್ತಾ ಹತ್ತು ನಿಮಿಷ ನಿಂತು ನೋಡಿದೆವು. ಮೆಟ್ಟಿಲೆಲ್ಲ ಪಾಚಿ, ಜಾರುತ್ತಿತ್ತು. ಮೇಲೆ ಹತ್ತುವ ಆಸೆ ಬಿಟ್ಟು ಕೆಳಗಿಳಿದೆವು.

ಮಳೆ, ಹಸಿವು, ಎದುರಿಗೆ ಮಿರ್ಚಿ ಬಂಡಿ. ಇನ್ನೇನು ಬೇಕು?

"ಬರ್ರಿ ಯಕ್ಕಾರ, ಬಿಸೀದೈತಿ" ಅಂತ ಕರೆದರು. ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿ, ನಿಜಕ್ಕೂ ಬಿಸಿ. ಆದರೆ ವಗ್ಗರಣಿ ಮಾಡುವುದು ಹೇಗೆ ಗೊತ್ತಲ್ವಾ? ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ಮನೆಯಲ್ಲಾದರೆ ಒಳ್ಳೆಯ ನೀರು. ಇಲ್ಲಿ ಮಂಡಕ್ಕಿ ಅದ್ದಿದ್ದು ಆ ನೀಲಿ ಬಕೆಟ್ಟಿನಲ್ಲಿ. ತಾಡಪಾಲಿನ ಅಂಚು ಸರಿಯಾಗಿ ಅದರ ಮೇಲೇ ಇತ್ತು. ಮಸಿ ಬೆರೆತ ಹನಿ ಒಂದೊಂದಾಗಿ ಬಕೆಟ್ಟಿಗೆ ಬೀಳುತ್ತಿತ್ತು. ತಿಂದಿಟ್ಟ ತಟ್ಟೆಗಳನ್ನೂ ಅದರಲ್ಲೇ ಅದ್ದಿ ತೆಗೆದರು. ಚಟ್ನಿ ಗಟ್ಟಿಯಾದಾಗ ಅದೇ ನೀರು ಒಂದು ಲೋಟ.

ನಾನು ಇದನ್ನೆಲ್ಲ ನೋಡಿದೆ. ನೋಡಿ, "ಇನ್ನೊಂದು ಪ್ಲೇಟ್ ವಗ್ಗರಣಿ ಕೊಡ್ರಿ, ಚಟ್ನಿ ಜಾಸ್ತಿ ಹಾಕ್ರಿ" ಅಂದೆ. ಮೇಲೆ ಹೆಚ್ಚಿದ ಈರುಳ್ಳಿ ಬೇರೆ.

ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆ ಹಿಡಿದುಕೊಂಡಿತು. ಆಮೇಲಿನದ್ದು ಬೇಡ ಬಿಡಿ. ಆರು ಗಂಟೆ ಹೊತ್ತಿಗೆ ಮೈ ಸುಡುತ್ತಿತ್ತು. ಬ್ಯಾಗಿನಲ್ಲಿದ್ದ ಬೇಧಿ ನಿಲ್ಲಿಸುವ ಮಾತ್ರೆ ನುಂಗಿದೆ. ಅದಕ್ಕೂ ಬೈಸಿಕೊಂಡೆ. ಜ್ವರ ಇದ್ದಾಗ, ರಕ್ತ ಹೋಗುತ್ತಿದ್ದಾಗ ಅದನ್ನು ನಾವೇ ತೆಗೆದುಕೊಳ್ಳಬಾರದಂತೆ.

ಡಾಕ್ಟರ್ ಏನು ತಿಂದಿರಿ ಅಂದರು. ಮಿರ್ಚಿ ಅಂದೆ, ಎಣ್ಣೆ ಹಳೆಯದಿರಬೇಕು ಅಂತಲೂ ಸೇರಿಸಿದೆ.

"ಮಿರ್ಚಿ ಕಾದ ಎಣ್ಣ್ಯಾಗಿಂದ ಬಂದಿದ್ದು. ಅದರ ಜೊತಿಗೆ ಏನ್ ತಿಂದ್ರಿ?"

ಪಕ್ಕದಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ ತಮ್ಮನನ್ನು ನೋಡಿದೆ. ಅವನು ಏಳು ಮಿರ್ಚಿ ತಿಂದಿದ್ದ. ಹಸಿ ಈರುಳ್ಳಿ ಅವನಿಗೆ ಆಗದು, ಚಟ್ನಿ ಮುಟ್ಟುವುದಿಲ್ಲ, ವಗ್ಗರಣಿ ಮೆತ್ತಗಿರುತ್ತೆ ಅಂತ ಮೂಗು ಮುರಿಯುವವನು. ಪೇಪರಿನ ಮೇಲೆ ಹಾಕಿಸಿಕೊಂಡಿದ್ದರಿಂದ ಬಕೆಟ್ಟಿನ ತಟ್ಟೆಯೂ ಇಲ್ಲ. ಅಚ್ಚಿನ ಮಸಿ ಒಳ್ಳೆಯದಲ್ಲ ಅಂತ ಅವನಿಗೆ ಬುದ್ಧಿ ಹೇಳಿದವಳು ನಾನೇ!

ಹಾಗಾಗಿ, ಆ ಕಡೆ ಮಳೆಗಾಲದಲ್ಲಿ ಹೋಗುವವರು ಬಂಡಿಯ ಬಾಣಲೆ ನೋಡಬೇಡಿ, ನೀರು ಎಲ್ಲಿಂದ ಬರುತ್ತಿದೆ ನೋಡಿ. ಬಿಸಿ ಮಿರ್ಚಿ ಧಾರಾಳವಾಗಿ ತಿನ್ನಿ. "ಚಟ್ನಿ, ಉಳ್ಳಾಗಡ್ಡಿ ಬ್ಯಾಡ್ರಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಗ್ಗರಣಿ ತಿನ್ನಲೇಬೇಕು ಅಂದರೆ ನಲ್ಲಿ ಇರುವ ಹೋಟೆಲಿಗೆ ಹೋಗಿ. ಓಆರ್‌ಎಸ್ ಪೊಟ್ಟಣ ಎರಡು ಬ್ಯಾಗಿನಲ್ಲಿರಲಿ. ಅದೂ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ.

ಆ ದಿನ ಮಸ್ಕಿಗೆ ಹೋಗುವುದಿತ್ತು. ಅಶೋಕನ ಹೆಸರೇ ಇರುವ ಶಾಸನ, 1915ರಲ್ಲಿ ಸಿಕ್ಕಿದ್ದು, ವರ್ಷಗಳಿಂದ ನೋಡಬೇಕು ಅಂದುಕೊಂಡದ್ದು. ತಮ್ಮ ಒಬ್ಬನೇ ಹೋಗಿ ಬಂದ. ನಾನು ಲಾಡ್ಜಿನಲ್ಲಿ ಮಲಗಿಕೊಂಡೇ ಅವನ ಫೋನಿನಲ್ಲಿ ಫೋಟೋ ನೋಡಿದೆ. ಬರುವಾಗ ಅದೇ ಬಂಡಿಯಿಂದ ನಾಲ್ಕು ಕಟ್ಟಿಸಿಕೊಂಡು ಬಂದಿದ್ದ. "ಬರೀ ಮಿರ್ಚಿ ಅಕ್ಕಾ" ಅಂದ. ನಾನು ಗೋಡೆ ಕಡೆ ತಿರುಗಿದೆ.