ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಕೆಂಪು ಇಂಕಿನ ಕಟ್ಟು: ಐದಕ್ಕೆ ಮೂರೂವರೆ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯೊಂದರಲ್ಲಿ ಸಾಹಿತಿ ಪಿ. ಲಂಕೇಶರ ವಾರಪತ್ರಿಕೆ 'ಲಂಕೇಶ್ ಪತ್ರಿಕೆ'ಯ 1982ರ ಅರ್ಧ ವರ್ಷದ ಕಟ್ಟು ಕಣ್ಣಿಗೆ ಬಿತ್ತು. 1,200ರಿಂದ ಶುರುವಾದ ಚೌಕಾಸಿ 850ಕ್ಕೆ ನಿಂತಿತು. 'ಇಪ್ಪತ್ತಾರು ಸಂಚಿಕೆಯೂ ಇವೆ ಸಾರ್, ಬೇಕಾದ್ರೆ ಎಣಿಸ್ಕೊಳ್ಳಿ' ಅಂದ ಅಂಗಡಿಯವ. ಎಣಿಸಿಕೊಳ್ಳಲಿಲ್ಲ. ಮನೆಗೆ ಬಂದು ನೋಡಿದರೆ ಇಪ್ಪತ್ತಮೂರು! ಫೋನ್ ಮಾಡಿದ್ದಕ್ಕೆ 'ಹಳೇ ಮಾಲು, ವಾಪಸ್ ಇಲ್ಲ' ಎಂಬ ಉತ್ತರ. ಒಂದು ಸ್ಟಾರ್ ಅಲ್ಲೇ ಹೋಯಿತು. ಹೊಲಿಗೆ ಒಳಗಂಚಿನ ಅಕ್ಷರಗಳನ್ನು ನುಂಗಿದ್ದಕ್ಕೆ ಇನ್ನರ್ಧ.

ಕಾಗದ ಕಂದು ತಿರುಗಿದೆ, ಪುಟ ಮಗುಚಿದರೆ ಅಂಚು ಪುಡಿಯಾಗಿ ಮಡಿಲಿಗೆ ಬೀಳುತ್ತದೆ. ಜಾಹೀರಾತು ಮಾತ್ರ ಹುಡುಕಿದರೂ ಸಿಗದು. 1980ರಲ್ಲಿ ಶುರುಮಾಡಿದಾಗಿನಿಂದ ಲಂಕೇಶರು ಅದನ್ನು ಮುಟ್ಟದೆ ಓದುಗರ ಕಾಸಿನಲ್ಲೇ ಪತ್ರಿಕೆ ನಡೆಸಿದವರು. ಕುರ್ಚಿಯಲ್ಲಿದ್ದ ಮುಖ್ಯಮಂತ್ರಿ ಗುಂಡೂರಾಯರನ್ನು 'ಗುಂ' ಅನ್ನುವ ಧೈರ್ಯ ಅಲ್ಲಿಂದಲೇ ಬಂದಿರಬೇಕು. (ಮೊದಲ ಸಲ ನಕ್ಕೆ. ಹತ್ತನೇ ಸಲಕ್ಕೆ ಸಾಕೆನಿಸಿತು.) ಲೇಖಕಿ ಸಾರಾ ಅಬೂಬಕ್ಕರ್ ತಮ್ಮ ಮುಸ್ಲಿಂ ಸಮುದಾಯದ ಹೆಣ್ಣುಮಕ್ಕಳ ಪಾಡನ್ನು ಬರೆದದ್ದೂ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ ವರದಿಗಾರ್ತಿಯಾಗಿದ್ದುದೂ ಇದೇ ಪತ್ರಿಕೆಯಲ್ಲಿ.

ಆದರೆ ಈ ಕಟ್ಟಿಗೆ ಬೆಲೆ ತಂದಿರುವುದು ಅದರ ಹಿಂದಿನ ಯಜಮಾನ. ಪುಣ್ಯಾತ್ಮ ಪುಟದ ಅಂಚಿನಲ್ಲೆಲ್ಲ ಕೆಂಪು ಇಂಕಿನಲ್ಲಿ ಸಂಪಾದಕರ ಜೊತೆ ಜಗಳಕ್ಕೆ ಬಿದ್ದಿದ್ದಾನೆ. 'ಸುಳ್ಳು.' 'ಇದು ಅತಿಯಾಯ್ತು.' ದೇವರ ವಿಚಾರ ಬಂದಲ್ಲಿ ಅಕ್ಷರ ದಪ್ಪಗಾಗಿ, ಒಂದು ಕಡೆ ಹಾಳೆಯೇ ತೂತು. ಎರಡು ವಾರ ಬಿಟ್ಟು ಸಣ್ಣಕ್ಷರದಲ್ಲಿ, 'ಆವತ್ತು ಹೇಳಿದ್ದು ಸರಿ, ನಾನು ಬೈದಿದ್ದೆ.' ಒಂದು ಸಂಚಿಕೆಯ ಕೊನೇ ಪುಟದಲ್ಲಿ 'ಇನ್ನು ಈ ಪೇಪರ್ ಕೊಳ್ಳುವುದಿಲ್ಲ' ಎಂದು ಬರೆದು ಸಹಿಯನ್ನೂ ಹಾಕಿದ್ದಾನೆ. ಅದರ ಮುಂದಿನ ವಾರದ ಸಂಚಿಕೆ ಕಟ್ಟಿನಲ್ಲಿದೆ. ಮುಖಪುಟದಿಂದಲೇ ಕೆಂಪು ಇಂಕು! ಸಾಲದೆಂಬಂತೆ ಕ್ಯಾಲಿಕೊ ಬಟ್ಟೆಯ ರಟ್ಟು ಹಾಕಿಸಿ, ಬೆನ್ನಿಗೆ ಬಂಗಾರದ ಅಕ್ಷರ ಹೊಡೆಸಿದ್ದಾನೆ.

ರಾತ್ರಿ ಒಂಬತ್ತರ ಟಿವಿ ಚರ್ಚೆಯಲ್ಲೂ ದೇವರು, ರಾಜಕೀಯ, ಬೈಗುಳ ಎಲ್ಲ ಇರುತ್ತವೆ. ನಾನು ಮ್ಯೂಟ್ ಒತ್ತಿ ಊಟಕ್ಕೆ ಕೂರುತ್ತೇನೆ. ಈ ಮನುಷ್ಯನ ಜೊತೆ ಮಾತ್ರ ಮೂರು ರಾತ್ರಿ ಎಚ್ಚರವಾಗಿದ್ದೆ.

ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ಹೇಳಿದ್ದೇನೆ: ಆ ಮೂರು ಸಂಚಿಕೆ ಎಲ್ಲಿದ್ದರೂ ತೆಗೆದಿಡಪ್ಪಾ, ಕೆಂಪು ಇಂಕಿದ್ದರೆ ಚೌಕಾಸಿ ಮಾಡುವುದಿಲ್ಲ.