ಕಾವೇರಿ ನೋಡಲು ಬಲಮುರಿಯೋ, ಕೊಪ್ಪ ಸೇತುವೆಯೋ?

ಕೊಡಗಿನಲ್ಲಿ ಒಂದೇ ದಿನವಿದ್ದು, ಗಡಿಯ ಕುತೂಹಲವಿದ್ದರೆ ಕುಶಾಲನಗರ–ಕೊಪ್ಪ ಸೇತುವೆ ಸಾಕು. ಈ ದಡ ಕೊಡಗು, ಆ ದಡ ಮೈಸೂರು ಜಿಲ್ಲೆ. 1956ರ ನವೆಂಬರ್ 1ರವರೆಗೆ ಇವು ಬೇರೆ ಬೇರೆ ರಾಜ್ಯಗಳು! ಈಗ ಬಸ್ಸಿನಲ್ಲಿ ಟಿಕೆಟ್ ಮಡಚಿ ಜೇಬಿಗಿಡುವಷ್ಟರಲ್ಲಿ ಗಡಿ ದಾಟಿರುತ್ತದೆ.

ನನ್ನ ಮತ ಬಲಮುರಿಗೆ (ಶ್ರೀರಂಗಪಟ್ಟಣದ ಹತ್ತಿರದ್ದಲ್ಲ, ಕೊಡಗಿನದು). ಮುನಿದು ನದಿಯಾಗಿ ಹೊರಟ ಕಾವೇರಮ್ಮನನ್ನು ಕೊಡವರು ಇಲ್ಲಿ ತಡೆಯಲು ನೋಡಿದರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ. ಕೊಡವತಿಯರು ಇಂದಿಗೂ ನೆರಿಗೆಯನ್ನು ಬೆನ್ನ ಕಡೆಗೇ ಹಾಕಿ ಉಡುತ್ತಾರೆ. ಕತೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಸುಮಾರಿಗೆ ಹೋದರೆ ಇನ್ನೂ ಚೆನ್ನ. ಮಳೆಗಾಲದಲ್ಲಿ ಮಾತ್ರ ಎರಡೂ ಕಡೆ ನೀರಿಗಿಳಿಯಬೇಡಿ.