ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್: ಹಗುರವೇನೋ ಹೌದು, ಬ್ರೌಸರ್ ತೆರೆಯುವವರೆಗೆ

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಐದನೇ ಜನರೇಶನ್‌ನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೇ ಕಾಲದ ಹಾರ್ಡ್ ಡಿಸ್ಕ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಾದರೂ ಇರಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿದೆ.

ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಬಗೆಯ ಡೆಸ್ಕ್‌ಟಾಪ್. ಸಿನಮನ್ ನೋಡಲು ಚೆಂದ, ಆದರೆ ಇಂಥ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇಯೇ ಸರಿ. ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಎಲ್ಲವನ್ನೂ ನೋಡಬಹುದು. ಈ ಸೌಲಭ್ಯಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸೌಂಡ್, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ ಎಲ್ಲ ಸರಿಯಿತ್ತು, ವೈ-ಫೈ ಮಾತ್ರ ನಾಪತ್ತೆ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಡ್ರೈವರ್ ಮ್ಯಾನೇಜರ್ ಉಳಿದದ್ದನ್ನು ನೋಡಿಕೊಂಡಿತು. ನಂಬಿಕೆಯಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಈ ಹಂತದಲ್ಲಿ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಗಾಬರಿಯಾಗಬೇಡಿ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟರಾಯಿತು.

ಇನ್ನು ವೇಗ. ಏನೂ ತೆರೆಯದೆ ಇದ್ದಾಗ 1 ಜಿಬಿಯೊಳಗೇ ರ‍್ಯಾಮ್ ತಿನ್ನುತ್ತದೆ. ಮೆನು, ಫೈಲ್ ಫೋಲ್ಡರ್‌ಗಳು ಒತ್ತಿದ ತಕ್ಷಣ ತೆರೆಯುತ್ತವೆ. ಆದರೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದು ಒಂದರಲ್ಲಿ ವಿಡಿಯೋ ಹಾಕಿ ನೋಡಿ, ರ‍್ಯಾಮ್ ಸಾಲದೆ ಡಿಸ್ಕ್ ಲೈಟ್ ಉರಿಯುತ್ತಲೇ ಇರುತ್ತದೆ. ವೆಬ್‌ಸೈಟುಗಳ ಭಾರವನ್ನು ಯಾವ ಓಎಸ್ಸೂ ಇಳಿಸಲಾರದು. ಆಮೇಲೆ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿದೆ. ನಿಜ ಹೇಳಬೇಕೆಂದರೆ ಮಿಂಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡದ್ದು ಅದರಿಂದಲೇ. 'ಲಿನಕ್ಸ್ ಹಾಕಿ, ಹೊಸದರಂತಾಗುತ್ತೆ' ಅನ್ನುವವರು ಇದನ್ನು ಯಾಕೋ ಹೇಳುವುದೇ ಇಲ್ಲ.

ಕನ್ನಡದ ಅಕ್ಷರಗಳು ಒತ್ತು, ದೀರ್ಘ ಸಮೇತ ಸರಿಯಾಗಿ ಮೂಡುತ್ತವೆ. ಟೈಪ್ ಮಾಡಲು ಐಬಸ್ ಅನ್ನುವ ಇನ್‌ಪುಟ್ ಸಾಫ್ಟ್‌ವೇರ್ ಜೊತೆ ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸಗಳಿರುವ ಎಂ17ಎನ್ ಹಾಕಿ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ನುಡಿ ತಂತ್ರಾಂಶ ಬಳಸಿದವರಿಗೆ ಬೆರಳು ತಾನಾಗಿ ಓಡುತ್ತದೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲುಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಮೊದಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಪತ್ರ, ಲೆಕ್ಕದ ಶೀಟುಗಳಿಗೆ ಲಿಬ್ರೆ ಆಫೀಸ್ ಸಾಕು, ಎಕ್ಸೆಲ್ ಮ್ಯಾಕ್ರೋ ನಂಬಿಕೊಂಡವರಿಗೆ ಸಾಲದು. ಫೋಟೋಶಾಪ್ ಬೇಕೇಬೇಕು ಅನ್ನುವವರು ಈ ಕಡೆ ಬರಲೇಬೇಡಿ. ಹಾಕುವುದಾದರೆ ಮೊದಲು ಫೈಲುಗಳೆಲ್ಲ ಬ್ಯಾಕಪ್ ಆಗಲಿ, ಹಾಕಿದ ಮೇಲೆ ಟೈಮ್‌ಶಿಫ್ಟ್ ಆನ್ ಮಾಡಿ. ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು. 22ರ ಸರಣಿಗೆ ಅಪ್‌ಡೇಟ್ 2029ರವರೆಗೆ ಬರುತ್ತದೆ, ನನ್ನ ಕೀಬೋರ್ಡು ಅಲ್ಲಿಯವರೆಗೆ ತಡೆಯುವುದು ಅನುಮಾನ.